ಉಪ್ಪುಗಾಳಿಗೆ ತಾಳುವ ಹ್ಯಾಂಡ್‌ಹೆಲ್ಡ್ ಯಾವುದು? ಮಂಗಳೂರು, ಉಡುಪಿ ಕಡೆಯವರು ಹೇಳಿ

ಕಾಪು ಕಡೆಯವ

ಎಲ್ಲರಿಗೂ ನಮಸ್ಕಾರ. ಮನೆ ಕಾಪುವಿನಲ್ಲಿ, ಸಮುದ್ರಕ್ಕೆ ತೀರಾ ಹತ್ತಿರ. ಕೆಲಸ ಮಂಗಳೂರಿನಲ್ಲಿ. ದಿನಾ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಿ ಬರುವಾಗ ಮೊಬೈಲ್ ನೋಡಿ ನೋಡಿ ಸಾಕಾಗಿದೆ. ಹಳೆ ಗೇಮ್ ಆಡಲಿಕ್ಕೆ ಕೈಯಲ್ಲೇ ಹಿಡಿಯುವ ಒಂದು ಸಣ್ಣ ಡಿವೈಸ್, ಅಂದರೆ ಹ್ಯಾಂಡ್‌ಹೆಲ್ಡ್ ಬೇಕು. ಸ್ವಲ್ಪ ಪ್ರೋಗ್ರಾಮಿಂಗ್ ಕಲಿಯುವ ಆಸೆಯೂ ಉಂಟು. ಬಜೆಟ್ ಹತ್ತು ಸಾವಿರದ ಒಳಗೆ.

ಆದರೆ ನನ್ನ ಮುಖ್ಯ ಚಿಂತೆ ಬೇರೆ. ನಮ್ಮ ಮನೆಯಲ್ಲಿ ಎಲೆಕ್ಟ್ರಾನಿಕ್ಸ್ ಬಾಳಿಕೆ ಬರುವುದೇ ಇಲ್ಲ. ರಿಮೋಟಿನ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ, ಚಾರ್ಜರ್ ಪಿನ್ ಕಪ್ಪಾಗುತ್ತದೆ. ಕಳೆದ ಮಳೆಗಾಲದಲ್ಲಿ ತಮ್ಮನ ಗೇಮ್‌ಪ್ಯಾಡ್ ಕೆಟ್ಟಿತು. ವಾರಂಟಿ ಇತ್ತು. ಸರ್ವಿಸ್ ಸೆಂಟರಿನವರು ಬಿಚ್ಚಿ ನೋಡಿ, ಒಳಗಿನ ಬಿಳಿ ಸ್ಟಿಕ್ಕರ್ ಕೆಂಪಾಗಿದೆ, ನೀರು ಹೋಗಿದೆ, ವಾರಂಟಿ ಸಿಗುವುದಿಲ್ಲ ಅಂದರು. ಅದು ನೀರಿಗೆ ಬಿದ್ದೇ ಇರಲಿಲ್ಲ. ಅವನು ತುಂಬಾ ಬೇಜಾರು ಮಾಡಿಕೊಂಡ.

ವಿಡಿಯೋ ರಿವ್ಯೂಗಳಲ್ಲಿ ಪ್ರೊಸೆಸರ್, ಸ್ಕ್ರೀನ್, ಬ್ಯಾಟರಿ ಎಲ್ಲ ಹೇಳುತ್ತಾರೆ. ಕರಾವಳಿಯ ಗಾಳಿಗೆ ಯಾವುದು ತಡೆದೀತು ಅಂತ ಯಾರೂ ಹೇಳುವುದಿಲ್ಲ. ಇಲ್ಲಿಯೇ ಇದ್ದು ಬಳಸಿದವರು ಹೇಳಿದರೆ ಉಪಕಾರ.

ಮಣಿಪಾಲ ಹಾಸ್ಟೆಲ್

ಅಣ್ಣ, ಆಗುವುದಾದರೆ ಇನ್ನೂ ಸ್ವಲ್ಪ ದುಡ್ಡು ಕೂಡಿಸಿ. ಹತ್ತು ಸಾವಿರಕ್ಕೆ ಸಿಗುವುದರಲ್ಲಿ ಹಳೆ ಗೇಮ್ ಮಾತ್ರ ಓಡುತ್ತದೆ. ಆಸುಸ್ ಕಂಪನಿಯ ದೊಡ್ಡ ಹ್ಯಾಂಡ್‌ಹೆಲ್ಡ್ ರಾಗ್ ಅಲೈ 2023ರಲ್ಲಿ ನಮ್ಮ ದೇಶದಲ್ಲೇ ಅಧಿಕೃತವಾಗಿ ಬಂತು, ಆಗಿನ ಬೆಲೆ 69,990 ರೂಪಾಯಿ. ವಿಂಡೋಸ್ ಇರುವುದರಿಂದ ಅದು ಪೂರ್ತಿ ಕಂಪ್ಯೂಟರ್. ಕೋಡಿಂಗ್ ಕೂಡ ಅದರಲ್ಲೇ ಆಗುತ್ತದೆ. ವಾಲ್ವ್‌ನ ಸ್ಟೀಮ್ ಡೆಕ್ ಅನ್ನುವ ಅಂಥದ್ದೇ ಡಿವೈಸ್ ನನಗೆ ಇನ್ನೂ ಇಷ್ಟ, ಆದರೆ ಅದನ್ನು ಇಲ್ಲಿ ಕಂಪನಿಯೇ ಮಾರುವುದಿಲ್ಲ. ಹೊರಗಿನಿಂದ ಯಾರಾದರೂ ತಂದರೆ ಮಾತ್ರ.

ಹಂಪನಕಟ್ಟೆ ರಿಪೇರಿ

ಕಾಪುವಿನವರೇ, ನಿಮ್ಮ ತಮ್ಮನ ಗೇಮ್‌ಪ್ಯಾಡ್ ಕೆಡಲಿಕ್ಕೆ ನೀರಿಗೆ ಬೀಳಬೇಕಂತ ಇಲ್ಲ ಮಾರಾಯ್ರೆ. ನಾನು ಇಂಥದ್ದನ್ನು ರಿಪೇರಿ ಮಾಡುವವನು. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ತೆರೆ ಒಡೆಯುವಾಗ ಏಳುವ ಸಣ್ಣ ಹನಿಗಳು ಗಾಳಿಯಲ್ಲಿ ಒಣಗಿ ಉಪ್ಪಿನ ಕಣ ಆಗುತ್ತವೆ. ಗಾಳಿ ಅದನ್ನು ಮನೆಯೊಳಗೆ ತರುತ್ತದೆ. ಬಟನ್ನಿನ ಸಂದಿ, ಸ್ಪೀಕರಿನ ತೂತು, ಚಾರ್ಜಿಂಗ್ ಪೋರ್ಟು, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿಂದ ಒಳಗೆ ಹೋಗಿ ಬೋರ್ಡಿನ ಮೇಲೆ ಕೂರುತ್ತದೆ. ಒಣಗಿದ ಉಪ್ಪು ಅಷ್ಟೇನೂ ತೊಂದರೆ ಕೊಡುವುದಿಲ್ಲ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಗಾಳಿಯ ತೇವಾಂಶ ಸುಮಾರು 75 ಶೇಕಡಾ ದಾಟಿದರೆ ಉಪ್ಪು ತಾನಾಗಿಯೇ ನೀರು ಎಳೆದುಕೊಂಡು ಕರಗುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿಯಲ್ಲಿ ನೀರು ನಿಲ್ಲುತ್ತದಲ್ಲ, ಬೋರ್ಡಿನ ಮೇಲೆ ಆಗುವುದೂ ಅದೇ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ತೇವಾಂಶ ಈ ಮಟ್ಟಕ್ಕಿಂತ ಮೇಲೆಯೇ ಇರುವುದು ಜಾಸ್ತಿ.

ಈಗ ಅಲ್ಲಿ ಉಪ್ಪುನೀರಿನ ತೆಳು ಪದರ ಉಂಟು, ಪಕ್ಕದಲ್ಲಿ ಬ್ಯಾಟರಿಯ ವೋಲ್ಟೇಜ್ ಉಂಟು. ತಾಮ್ರ ಕರಗಲಿಕ್ಕೆ ಇನ್ನೇನು ಬೇಕು? ಸ್ವಿಚ್ ಆಫ್ ಮಾಡಿದರೂ ಬ್ಯಾಟರಿಯಿಂದ ಚಾರ್ಜಿಂಗ್ ಚಿಪ್‌ವರೆಗಿನ ದಾರಿಯಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ಅದಕ್ಕೇ ತಾಮ್ರದ ಹಸಿರು ತುಕ್ಕು ಮೊದಲು ಕಾಣುವುದು ಅಲ್ಲಿ. ನಾನು ಯಾವುದನ್ನು ಬಿಚ್ಚಿದರೂ ಮೊದಲು ಬ್ಯಾಟರಿ ಕನೆಕ್ಟರಿನ ಪ್ಲಸ್ ಪಿನ್ ನೋಡುತ್ತೇನೆ. ಮೈನಸ್ ಪಿನ್ ಹೊಳೆಯುತ್ತಿರುತ್ತದೆ, ಪ್ಲಸ್ ಪಿನ್ನಿನ ಬುಡದಲ್ಲಿ ಹಸಿರು ಪುಡಿ ಕೂತಿರುತ್ತದೆ.

ಹಾಗಾಗಿ ನನ್ನ ಸಲಹೆ ಒಂದೇ. ಕರಾವಳಿಯಲ್ಲಿ ಇರುವವರು ಪ್ರೊಸೆಸರ್ ನೋಡುವ ಮೊದಲು ಡಿವೈಸ್ ಹೇಗೆ ಬಿಚ್ಚುತ್ತದೆ ಅಂತ ನೋಡಿ. ಮಾಮೂಲಿ ಪ್ಲಸ್ ಸ್ಕ್ರೂಡ್ರೈವರಿನಲ್ಲಿ ತೆರೆಯಬೇಕು. ಬ್ಯಾಟರಿಗೆ ಗೋಂದು ಹಚ್ಚಿರಬಾರದು, ಪ್ಲಗ್ ತೆಗೆದರೆ ಹೊರಗೆ ಬರಬೇಕು. ಬಟನ್ ರಬ್ಬರು, ಜಾಯ್‌ಸ್ಟಿಕ್ಕು ಬೇರೆಯಾಗಿ ಸಿಗಬೇಕು. ಇಲ್ಲಿ ವರ್ಷಕ್ಕೊಮ್ಮೆ ಬಿಚ್ಚಿ ಒರೆಸಲೇಬೇಕು. ಬಿಚ್ಚಲಿಕ್ಕೆ ಆಗದ ಡಿವೈಸ್ ಎಷ್ಟೇ ಚೆನ್ನಾಗಿದ್ದರೂ ನಮ್ಮ ಊರಿಗೆ ಅಲ್ಲ.

ಮಣಿಪಾಲದ ತಮ್ಮಾ, ಅಲೈ ಒಳ್ಳೆಯ ಮೆಷಿನ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರಲ್ಲಿ ಫ್ಯಾನ್ ಉಂಟು. ಫ್ಯಾನ್ ಅಂದರೆ ಹೊರಗಿನ ಗಾಳಿಯನ್ನು ಬೇಕಂತಲೇ ಒಳಗೆ ಎಳೆಯುವುದು. ಕಾಪುವಿನ ಮನೆಯಲ್ಲಿ ಕೂತು ಆಡಿದರೆ ಉಪ್ಪು, ಧೂಳು ಎರಡೂ ಬಿಸಿ ಹೊರಹಾಕುವ ಹೀಟ್‌ಸಿಂಕ್ ರೆಕ್ಕೆಗಳ ನಡುವೆ ಅಂಟಿಕೊಳ್ಳುತ್ತವೆ. ಮಣಿಪಾಲ ಗುಡ್ಡದ ಮೇಲೆ ಉಂಟು, ನಿಮಗೆ ಅಷ್ಟು ಗೊತ್ತಾಗದು. ಫ್ಯಾನ್ ಇಲ್ಲದ ಸಣ್ಣ ಡಿವೈಸ್‌ಗಳಿಗೆ ಈ ಒಂದು ಕಾಟ ಇಲ್ಲ.

ಮಣಿಪಾಲ ಹಾಸ್ಟೆಲ್

ಫ್ಯಾನಿನ ವಿಷಯ ನಾನು ಯೋಚಿಸಿರಲಿಲ್ಲ, ಸರ್. ಆದರೆ ಸ್ಟೀಮ್ ಡೆಕ್ ಬಿಚ್ಚಲಿಕ್ಕೆ ಸುಲಭ ಅಲ್ವಾ? ಹಿಂದೆ ಎಂಟು ಸ್ಕ್ರೂ, ಎಲ್ಲ ಮಾಮೂಲಿ ಪ್ಲಸ್. ಬಿಡಿಭಾಗಗಳನ್ನೂ ಮಾರುತ್ತಾರೆ.

ಹಂಪನಕಟ್ಟೆ ರಿಪೇರಿ

ಹೌದು, ದೊಡ್ಡದರಲ್ಲಿ ಅದೇ ವಾಸಿ. ಸ್ಟಿಕ್ ಬದಲಿಸುವುದು, ಗೇಮ್ ಉಳಿಸಿಡುವ ಎಸ್‌ಎಸ್‌ಡಿ ಬದಲಿಸುವುದು ಮನೆಯಲ್ಲೇ ಆಗುತ್ತದೆ. ಆದರೆ 2022ರ ಮಾಡೆಲ್‌ನಲ್ಲಿ ಬ್ಯಾಟರಿಗೆ ಜೋರು ಗೋಂದು ಹಾಕಿದ್ದಾರೆ. ಬ್ಯಾಟರಿ ಉಬ್ಬಿದರೆ ಅದನ್ನು ಎಬ್ಬಿಸುವುದು ಅಪಾಯದ ಕೆಲಸ. ಮತ್ತೆ, ಬಸ್ಸಿನಲ್ಲಿ ಮುಕ್ಕಾಲು ಕಿಲೋದ ಹತ್ತಿರದ ಡಿವೈಸ್ ಹಿಡಿದುಕೊಂಡು ನಿಂತು ನೋಡಿ. ಡೆಕ್ ತೂಕ 669 ಗ್ರಾಂ. ಬ್ಯಾಟರಿ 40 ವ್ಯಾಟ್-ಅವರ್, ದೊಡ್ಡ ಗೇಮ್ ಆಡಿದರೆ ಎರಡು ಗಂಟೆ. 2023ರ ಓಎಲ್‌ಇಡಿ ಸ್ಕ್ರೀನಿನ ಮಾಡೆಲ್‌ನಲ್ಲಿ 50 ವ್ಯಾಟ್-ಅವರ್ ಕೊಟ್ಟು ಸ್ವಲ್ಪ ಸುಧಾರಿಸಿದ್ದಾರೆ.

ಹಳೆ ಪಾಮ್‌ಟಾಪ್

ನಿಮ್ಮ ಚರ್ಚೆ ಓದಿ ಖುಷಿಯಾಯಿತು. ನಾನು ಬ್ಯಾಂಕಿನಲ್ಲಿ ಇದ್ದವನು, ಈಗ ರಿಟೈರ್ಡ್, ಮನೆ ಕದ್ರಿಯಲ್ಲಿ. ನನ್ನ ಹತ್ತಿರ ಎಚ್‌ಪಿ 200ಎಲ್‌ಎಕ್ಸ್ ಅನ್ನುವ ಪಾಮ್‌ಟಾಪ್, ಅಂದರೆ ಅಂಗೈ ಕಂಪ್ಯೂಟರ್ ಇದೆ, 1994ರಲ್ಲಿ ಬಂದ ಮಾಡೆಲ್. ದುಬೈಯಲ್ಲಿದ್ದ ಭಾವ ತಂದುಕೊಟ್ಟದ್ದು. ಎರಡು ಎಎ ಸೆಲ್ಲಿನಲ್ಲಿ ವಾರಗಟ್ಟಲೆ ಓಡುತ್ತದೆ. ಒಳಗೆ ಎಂಎಸ್-ಡಾಸ್, ಲೋಟಸ್ 1-2-3. ಪ್ರೊಸೆಸರ್ ಎಂಟು ಮೆಗಾಹರ್ಟ್ಸ್ ಕೂಡ ಇಲ್ಲ. ಸ್ಕ್ರೀನಿಗೆ ಹಿಂದಿನ ಬೆಳಕಿಲ್ಲ, ಅದಕ್ಕೇ ಸೆಲ್ ಅಷ್ಟು ದಿನ ಬರುವುದು. ಇವತ್ತಿಗೂ ಕೆಲಸ ಮಾಡುತ್ತದೆ. ಸ್ವಿಚ್ ಆಫ್ ಮಾಡಿದರೂ ಒಳಗೆ ವೋಲ್ಟೇಜ್ ಇರುತ್ತದೆ ಅಂತ ಹಂಪನಕಟ್ಟೆಯವರು ಹೇಳಿದರಲ್ಲ, ಅದಕ್ಕೇ ಬಳಸದಾಗ ಸೆಲ್ ತೆಗೆದಿಡುತ್ತೇನೆ. ನಿಂಟೆಂಡೊದ ಹಳೆ ಹ್ಯಾಂಡ್‌ಹೆಲ್ಡ್ ಗೇಮ್ ಬಾಯ್ ಇಟ್ಟುಕೊಂಡವರಿಗೂ ಇದೇ ಮಾತು. 1989ರ ಆ ಮೊದಲ ಮಾಡೆಲ್‌ಗೆ ನಾಲ್ಕು ಎಎ ಸೆಲ್ ಬೇಕು. ಒಳಗೆ ಮರೆತುಬಿಟ್ಟರೆ ಸೋರಿ ಕಾಂಟ್ಯಾಕ್ಟ್ ತಿಂದುಹಾಕುತ್ತದೆ.

ಇಲ್ಲಿಯ ಹುಡುಗರಿಗೆ ಇನ್ನೊಂದು ವಿಷಯ ಗೊತ್ತಿರಲಿ. ಕೈಯಲ್ಲಿ ಹಿಡಿಯುವ ಕಂಪ್ಯೂಟರ್ ಅಂದರೆ ಜಪಾನು, ಚೀನಾ, ಅಮೆರಿಕದ್ದು ಮಾತ್ರ ಅಲ್ಲ. ನಮ್ಮ ಬೆಂಗಳೂರಿನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್ಕೋರ್ ಸಾಫ್ಟ್‌ವೇರ್‌ನವರು ಸೇರಿ ಸಿಂಪ್ಯೂಟರ್ ಮಾಡಿದರು. 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಚಿಪ್, 320×240 ಟಚ್ ಸ್ಕ್ರೀನ್, ಲಿನಕ್ಸ್. ಸ್ಮಾರ್ಟ್ ಕಾರ್ಡ್ ಹಾಕುವ ಜಾಗವೂ ಇತ್ತು. ಒಂದೇ ಡಿವೈಸ್ ಇಡೀ ಊರಿನವರು ಹಂಚಿಕೊಂಡು ಬಳಸಲಿ, ಒಬ್ಬೊಬ್ಬರ ಮಾಹಿತಿ ಅವರವರ ಕಾರ್ಡಿನಲ್ಲಿ ಇರಲಿ ಅನ್ನುವ ಯೋಚನೆ. 2004ರಲ್ಲಿ ಅಮಿಡಾ ಅನ್ನುವ ಹೆಸರಿನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಅದನ್ನು ತಯಾರಿಸಿತು. ಓರೆ ಮಾಡಿದರೆ ತಿಳಿದುಕೊಳ್ಳುವ ಮೋಷನ್ ಸೆನ್ಸರ್ ಅದರಲ್ಲಿ ಇತ್ತು. ಐಫೋನ್ ಬಂದದ್ದು 2007ರಲ್ಲಿ. ಸಿಂಪ್ಯೂಟರ್ ನಿರೀಕ್ಷೆಯಷ್ಟು ಮಾರಾಟ ಆಗಲಿಲ್ಲ. ನನಗೆ ಇವತ್ತಿಗೂ ಆ ಬೇಜಾರು ಇದೆ.

ಸುರತ್ಕಲ್ ಅಕ್ಕ

ಸರ್, ಸಿಂಪ್ಯೂಟರ್ ನೆನಪಿಸಿದ್ದು ಒಳ್ಳೆಯದಾಯಿತು. ಕನ್ನಡ ತೋರಿಸಬೇಕು, ಓದಿ ಹೇಳಬೇಕು ಅಂತ ಮೊದಲ ದಿನದಿಂದಲೇ ಯೋಚಿಸಿದ ಡಿವೈಸ್ ಅದು. ಈಗಿನ ಹ್ಯಾಂಡ್‌ಹೆಲ್ಡ್‌ಗಳಲ್ಲಿ ಅದೇ ಇಲ್ಲ.

ಕಾಪುವಿನವರೇ, ನಿಮ್ಮ ಪ್ರೋಗ್ರಾಮಿಂಗ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಎಂಬೆಡೆಡ್ ಕೆಲಸದವಳು, ಅಂದರೆ ಯಂತ್ರಗಳ ಒಳಗಿನ ಸಣ್ಣ ಚಿಪ್‌ಗಳಿಗೆ ಪ್ರೋಗ್ರಾಮ್ ಬರೆಯುವವಳು, ರಜೆಯಲ್ಲಿ ಮಕ್ಕಳಿಗೆ ಇದನ್ನೇ ಕಲಿಸುತ್ತೇನೆ. ಆಡಲಿಕ್ಕೆ ಒಂದು, ಕಲಿಯಲಿಕ್ಕೆ ಇನ್ನೊಂದು ಅಂತ ಎರಡು ತಗೊಳ್ಳಿ. ಎರಡೂ ಸೇರಿ ನಿಮ್ಮ ಬಜೆಟ್ ಒಳಗೇ ಬರಬಹುದು.

ಕಲಿಯಲಿಕ್ಕೆ ಎಂ5ಸ್ಟ್ಯಾಕ್ ಕಾರ್ಡ್‌ಪ್ಯೂಟರ್ ನೋಡಿ. ಈಎಸ್‌ಪಿ32-ಎಸ್3 ಚಿಪ್, 56 ಕೀಲಿಯ ಪುಟ್ಟ ಕೀಬೋರ್ಡು, 240×135ರ ಸ್ಕ್ರೀನು. ಇನ್ನೂ ಸರಳ ಬೇಕಾದರೆ ಆರ್ಡುಬಾಯ್ ಅನ್ನುವ ಪುಟ್ಟ ಗೇಮ್ ಡಿವೈಸಿನ ತರಹದ್ದನ್ನು ಸ್ವತಃ ಜೋಡಿಸಬಹುದು. ಅದರ ಚಿಪ್‌ನಲ್ಲಿ ಪ್ರೋಗ್ರಾಮಿಗೆ 32 ಕೆಬಿ ಜಾಗ, ರ್‍ಯಾಮ್ ಎರಡೂವರೆ ಕೆಬಿ ಮಾತ್ರ. ಸ್ಕ್ರೀನ್ 128×64, ಕಪ್ಪು-ಬಿಳುಪು. ಇಷ್ಟು ಕಡಿಮೆ ಜಾಗದಲ್ಲಿ ಒಂದು ಗೇಮ್ ಬರೆದ ಮಕ್ಕಳಿಗೆ ಕಂಪ್ಯೂಟರ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ನಿಜವಾಗಿ ಅರ್ಥ ಆಗುತ್ತದೆ. ಇಡೀ ಸ್ಕ್ರೀನಿನ ಚಿತ್ರಕ್ಕೆ 1,024 ಬೈಟು ಬೇಕು. ಅಂದರೆ ರ್‍ಯಾಮಿನ ಸುಮಾರು 40 ಶೇಕಡಾ ಅಲ್ಲಿಗೇ ಹೋಯಿತು. ಉಳಿದದ್ದರಲ್ಲಿ ಆಟ, ಶಬ್ದ, ಅಂಕ ಎಲ್ಲ ಹಿಡಿಸಬೇಕು.

ಇಂಥ ಸ್ಕ್ರೀನಿನಲ್ಲಿ ಕನ್ನಡ ಬರೆಸುವುದು ಬೇರೆಯೇ ಕೆಲಸ. ‘ಕದ್ರಿ’ ಅಂತ ಬರೆಯಬೇಕು ಅಂದುಕೊಳ್ಳಿ. ಕಂಪ್ಯೂಟರುಗಳು ಅಕ್ಷರಕ್ಕೆ ಬಳಸುವ ಯುನಿಕೋಡ್ ಸಂಕೇತದಲ್ಲಿ ಅದು ಕ, ದ, ವಿರಾಮ, ರ, ಇಕಾರ ಅಂತ ಐದು ಸಂಕೇತ. ಸಣ್ಣ ಡಿಸ್‌ಪ್ಲೇ ಲೈಬ್ರರಿಗಳು ಒಂದರ ಪಕ್ಕ ಒಂದನ್ನು ಸುಮ್ನೆ ಇಟ್ಟುಬಿಡುತ್ತವೆ. ನಮಗೆ ಬೇಕಾದ್ದು ‘ದಿ’ ಮೇಲೆ, ಅದರ ಕೆಳಗೆ ರ ಒತ್ತು. ಸಂಕೇತದಲ್ಲಿ ಕೊನೆಗೆ ಬರುವ ಇಕಾರ, ಕಾಣುವಾಗ ಮೊದಲ ವ್ಯಂಜನಕ್ಕೆ ಸೇರಬೇಕು. ಮೊಬೈಲ್, ಕಂಪ್ಯೂಟರ್‌ಗಳಲ್ಲಿ ಈ ಜೋಡಣೆಯನ್ನು ಹಾರ್ಫ್‌ಬಜ್ ಥರದ ಸಾಫ್ಟ್‌ವೇರ್ ಮಾಡುತ್ತದೆ. ಎರಡೂವರೆ ಕೆಬಿ ರ್‍ಯಾಮಿನಲ್ಲಿ ಅದಕ್ಕೆ ಜಾಗ ಇಲ್ಲ.

ಒಂದು ದಾರಿ ಉಂಟು. ಎಲ್ಲ ಒತ್ತಕ್ಷರಗಳ ಚಿತ್ರ ಇಟ್ಟುಕೊಳ್ಳಬೇಡಿ, ಅದು ಮುಗಿಯುವ ಲೆಕ್ಕ ಅಲ್ಲ. ಗುಣಿತಾಕ್ಷರಗಳ ಒಂದು ಸೆಟ್, ಒತ್ತುಗಳ ಇನ್ನೊಂದು ಸೆಟ್. ಕೋಡು ಎರಡನ್ನೂ ಮೇಲೆ-ಕೆಳಗೆ ಜೋಡಿಸಲಿ. ಕನ್ನಡದಲ್ಲಿ ಒತ್ತು ಹೆಚ್ಚಾಗಿ ಕೆಳಗೇ ಬರುವುದರಿಂದ ಇದು ನಡೆಯುತ್ತದೆ. ಸಾಲಿಗೆ 16 ಪಿಕ್ಸೆಲ್ ಎತ್ತರ ಕೊಟ್ಟರೆ 64ರ ಸ್ಕ್ರೀನಿನಲ್ಲಿ ನಾಲ್ಕು ಸಾಲು ಹಿಡಿಸುತ್ತದೆ. ಅರ್ಕಾವತ್ತಿಗೆ ಮಾತ್ರ ಬೇರೆ ನಿಯಮ ಬರೆಯಬೇಕು.

ಹಳೆ ಪಾಮ್‌ಟಾಪ್

ಅಕ್ಷರ ಜೋಡಿಸುವ ಈ ಲೆಕ್ಕ ನಮ್ಮ ಊರಿನವರದ್ದೇ ಅನ್ನಬಹುದಮ್ಮಾ. ಕಿನ್ನಿಕಂಬಳದ ಕೆ.ಪಿ. ರಾವ್ ಅವರು ವ್ಯಂಜನ ಒತ್ತಿ, ಸ್ವರ ಒತ್ತಿದರೆ ಗುಣಿತಾಕ್ಷರ ಬರುವ ಕೀಲಿಮಣೆ ಮಾಡಿಕೊಟ್ಟರು. ಅವರ ತಂತ್ರಾಂಶದ ಹೆಸರು ಸೇಡಿಯಾಪು, ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ. ಇವತ್ತು ನುಡಿ ತಂತ್ರಾಂಶದಲ್ಲಿ ನಾವು ಟೈಪ್ ಮಾಡುವುದು ಆ ವಿನ್ಯಾಸದಲ್ಲೇ. 26 ಇಂಗ್ಲಿಷ್ ಕೀಲಿಗಳಲ್ಲೇ ಇಡೀ ಕನ್ನಡ ಹಿಡಿಸಿದ್ದಾರೆ. ಹಾಗಾಗಿ ನಿಮ್ಮ 56 ಕೀಲಿಯ ಪುಟ್ಟ ಡಿವೈಸಿಗೂ ಅದು ಸರಿಯಾಗಿ ಕೂರುತ್ತದೆ. ಯಾರಾದರೂ ಮಾಡಿ.

ಸುರತ್ಕಲ್ ಅಕ್ಕ

ಖಂಡಿತ ಮಾಡಬೇಕು ಸರ್. 2024ರ ಸೆಪ್ಟೆಂಬರ್‌ನಲ್ಲಿ ಬಂದ ಯುನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿಯೂ ಸೇರಿದೆ. ಕನ್ನಡ ಆದ ಮೇಲೆ ಅದಕ್ಕೂ ಒಂದು ಸಣ್ಣ ಫಾಂಟ್ ಮಾಡುವ ಆಸೆ ನನಗಿದೆ. ಕೈಜೋಡಿಸುವವರು ಇಲ್ಲೇ ಹೇಳಿ.

ಮಣಿಪಾಲ ಹಾಸ್ಟೆಲ್

ಅಕ್ಕ, ನಾನು ಬರುತ್ತೇನೆ. ಸಿ ಬರುತ್ತದೆ, ಫಾಂಟ್ ಕೆಲಸ ಗೊತ್ತಿಲ್ಲ, ಕಲಿಯುತ್ತೇನೆ.

ಕಾಪು ಕಡೆಯವ

ಇಷ್ಟು ಸಿಗುತ್ತದೆ ಅಂತ ಎಣಿಸಿರಲಿಲ್ಲ. ಎಲ್ಲರಿಗೂ ಧನ್ಯವಾದ. ಆಡುವ ಡಿವೈಸಿಗೆ ಎರಡು ಆಯ್ಕೆ ಮಾಡಿಟ್ಟಿದ್ದೇನೆ: ಮಿಯೂ ಮಿನಿ ಪ್ಲಸ್, ಇಲ್ಲದಿದ್ದರೆ ಆನ್‌ಬರ್ನಿಕ್‌ನ ಮಡಚುವ ಆರ್‌ಜಿ35ಎಕ್ಸ್‌ಎಕ್ಸ್ ಎಸ್‌ಪಿ. ಯಾವುದು ಒಳ್ಳೆಯದು? ನನಗೆ ಗೇಮ್ ಬಾಯ್, ಗೇಮ್ ಬಾಯ್ ಅಡ್ವಾನ್ಸ್ ಆಟಗಳೇ ಜಾಸ್ತಿ ಬೇಕಾದ್ದು. ಮನೆಯಲ್ಲಿ ಸೋನಿಯ ಹಳೆ ಹ್ಯಾಂಡ್‌ಹೆಲ್ಡ್ ಪಿಎಸ್‌ಪಿಯೂ ಒಂದು ಉಂಟು, ಅದರ ಹಿಂದಿನ ಮುಚ್ಚಳ ಕೂರುತ್ತಿಲ್ಲ.

ಹಂಪನಕಟ್ಟೆ ರಿಪೇರಿ

ಮೊದಲು ಪಿಎಸ್‌ಪಿ. ಮುಚ್ಚಳ ಕೂರುತ್ತಿಲ್ಲ ಅಂದರೆ ಬ್ಯಾಟರಿ ಉಬ್ಬಿದೆ. ಒತ್ತಿ ಹಾಕಲಿಕ್ಕೆ ಹೋಗಬೇಡಿ, ಚಾರ್ಜಿಗೂ ಇಡಬೇಡಿ. ಮೆಲ್ಲ ಹೊರಗೆ ತೆಗೆದು, ಮನೆಯವರ ಕೈಗೆ ಸಿಗದ ಹಾಗೆ ಇಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಕಸದ ಬುಟ್ಟಿಗೆ ಬೇಡ. ಪಿಎಸ್‌ಪಿ ಕೈಬಿಡಬೇಡಿ. ಬ್ಯಾಟರಿ ಕೈಯಲ್ಲೇ ಬಿಚ್ಚಿ ತೆಗೆಯುವ ಹಾಗೆ ಮಾಡಿದ ಡಿವೈಸ್ ಅದು, ಹೊಸ ಬ್ಯಾಟರಿ ಹಾಕಿದರೆ ಇನ್ನೂ ಓಡುತ್ತದೆ. ಬ್ಯಾಟರಿ ತೆಗೆದೂ ಅಡಾಪ್ಟರಿನಲ್ಲಿ ಪರೀಕ್ಷೆ ಮಾಡಬಹುದು.

ಇನ್ನು ನಿಮ್ಮ ಎರಡು ಆಯ್ಕೆ. ಮಿಯೂದಲ್ಲಿ 3,000 ಎಂಎಎಚ್ ಬ್ಯಾಟರಿ, ಆನ್‌ಬರ್ನಿಕ್‌ನದ್ದರಲ್ಲಿ 3,300. ಎರಡರದ್ದೂ ಸ್ಕ್ರೀನ್ 3.5 ಇಂಚು, 640×480. ಗೇಮ್ ಬಾಯ್ ಚಿತ್ರ 160×144, ಮೂರು ಪಟ್ಟು ಮಾಡಿದರೆ 480×432, ಚೆನ್ನಾಗಿ ಕೂರುತ್ತದೆ. ಅಡ್ವಾನ್ಸ್ ಚಿತ್ರ 240×160. ಎರಡು ಪಟ್ಟು ಮಾಡಿದರೆ ಸುತ್ತ ಕಪ್ಪು ಜಾಗ ಉಳಿಯುತ್ತದೆ. ಅಗಲ ಪೂರ್ತಿ ತುಂಬಿಸಲಿಕ್ಕೆ ಹೋದರೆ ಪಿಕ್ಸೆಲ್‌ಗಳು ಒಂದು ದಪ್ಪ ಒಂದು ಸಣ್ಣ ಆಗಿ, ಸ್ಕ್ರೀನ್ ಓಡುವಾಗ ಅಲೆಯ ಹಾಗೆ ಮಿನುಗುತ್ತದೆ. ಅಡ್ವಾನ್ಸ್ ಆಟಗಳೇ ಮುಖ್ಯ ಅಂದರೆ ಅದೇ ಕಂಪನಿಯ ಆರ್‌ಜಿ34ಎಕ್ಸ್‌ಎಕ್ಸ್ ನೋಡಿ. ಅದರ ಸ್ಕ್ರೀನ್ 720×480, ಸರಿಯಾಗಿ ಮೂರು ಪಟ್ಟು.

ಉಪ್ಪಿನ ಲೆಕ್ಕದಲ್ಲಿ ನಾನು ಮಡಚುವುದನ್ನೇ ಹೇಳುತ್ತೇನೆ. ಮುಚ್ಚಿದಾಗ ಬಟನ್ನು, ಸ್ಕ್ರೀನು ಎರಡೂ ಒಳಗೆ. ಜೇಬಿನಲ್ಲಿ ಬೆವರು ತಾಗುವುದಿಲ್ಲ. ಬೆವರಿನಲ್ಲೂ ಉಪ್ಪೇ ಅಲ್ವಾ. ಹಿಂಜಿನ ಕಡೆ ಮಾತ್ರ ಜಾಗ್ರತೆ, ಅಲ್ಲಿ ಪ್ಲಾಸ್ಟಿಕ್ ಬಿರುಕು ಬಿಟ್ಟರೆ ರಿಪೇರಿ ಕಷ್ಟ.

ತರಿಸುವಾಗ ಕಸ್ಟಮ್ಸ್ ಸುಂಕ ಸೇರಿಸಿ ಲೆಕ್ಕ ಹಾಕಿ. ಅಲಿಎಕ್ಸ್‌ಪ್ರೆಸ್ ಆ್ಯಪ್ 2020ರ ನವೆಂಬರ್‌ನಿಂದ ಇಲ್ಲಿ ನಿಷೇಧ. ಮಧ್ಯದಲ್ಲಿ ತರಿಸಿ ಮಾರುವವರ ಹತ್ತಿರ ಕೊಂಡರೆ ಪೆಟ್ಟಿಗೆ ಬಿಚ್ಚುವ ವಿಡಿಯೋ ಮಾಡಿಟ್ಟುಕೊಳ್ಳಿ. ಬಂದ ಕೂಡಲೇ ಜತೆಗೆ ಕೊಟ್ಟ ಮೆಮೊರಿ ಕಾರ್ಡ್ ತೆಗೆದು ಒಳ್ಳೆ ಕಂಪನಿಯ ಕಾರ್ಡ್ ಹಾಕಿ. ಜತೆಗೆ ಬರುವ ಅಗ್ಗದ ಕಾರ್ಡು ಹೋದರೆ ನಿಮ್ಮ ಸೇವ್ ಎಲ್ಲ ಹೋಯಿತು.

ಮಣಿಪಾಲ ಹಾಸ್ಟೆಲ್

ಕಾರ್ಡಿನಲ್ಲಿ ಸಾವಿರಾರು ಗೇಮ್ ತುಂಬಿಸಿಯೇ ಕೊಡುತ್ತಾರಲ್ಲ, ಅದನ್ನು ತೆಗೆಯುವುದು ಯಾಕೆ?

ಸುರತ್ಕಲ್ ಅಕ್ಕ

ಯಾಕೆಂದರೆ ಅದರಲ್ಲಿ ಇರುವುದು ಕದ್ದ ಮಾಲು. ಎಮ್ಯುಲೇಟರ್, ಅಂದರೆ ಬೇರೆ ಯಂತ್ರದ ಗೇಮ್ ಓಡಿಸುವ ಸಾಫ್ಟ್‌ವೇರ್ ಬರೆಯುವುದು ಬೇರೆ, ಬೇರೆಯವರ ಗೇಮ್ ಕಾಪಿ ಮಾಡಿ ಮಾರುವುದು ಬೇರೆ. ನಿಂಟೆಂಡೊ 2024ರಲ್ಲಿ ಯುಝು ಎಮ್ಯುಲೇಟರಿನವರ ಮೇಲೆ ಕೇಸು ಹಾಕಿತು. ಅವರು 24 ಲಕ್ಷ ಡಾಲರ್ ಕೊಡಲು ಒಪ್ಪಿ ಯೋಜನೆಯನ್ನೇ ಮುಚ್ಚಿದರು. ನಿಮ್ಮ ಸ್ವಂತ ಕಾರ್ಟ್ರಿಜ್ (ಗೇಮ್ ಇರುವ ಪುಟ್ಟ ಡಬ್ಬಿ) ಇದ್ದರೆ ಅದನ್ನು ಓದುವ ಸಣ್ಣ ಸಲಕರಣೆ ಸಿಗುತ್ತದೆ. ಮತ್ತೆ ಹವ್ಯಾಸಿಗಳೇ ಬರೆದು ಉಚಿತವಾಗಿ ಕೊಡುವ ಹೊಸ ಗೇಮ್ ಬಾಯ್ ಆಟಗಳು ಈಗ ಬೇಕಾದಷ್ಟು ಇವೆ. ನಾವೂ ಒಂದು ಬರೆಯಬಹುದು, ಅದೇ ಡಿವೈಸಿನಲ್ಲಿ ಓಡಿಸಬಹುದು.

ಕಾಪು ಕಡೆಯವ

ಸರಿ ಅಕ್ಕ. ಸ್ವಂತ ಕಾರ್ಟ್ರಿಜ್ ಕೆಲವು ಉಂಟು, ಅದರಿಂದಲೇ ಶುರು ಮಾಡುತ್ತೇನೆ. ಮಡಚುವುದನ್ನೇ ತಗೊಳ್ಳುತ್ತೇನೆ, ಜತೆಗೆ ಒಂದು ಕಾರ್ಡ್‌ಪ್ಯೂಟರ್. ಬಜೆಟ್ ಸ್ವಲ್ಪ ಆಚೆಈಚೆ ಆದರೂ ಪರವಾಗಿಲ್ಲ. ಮಳೆಗಾಲದಲ್ಲಿ ಹೇಗೆ ಇಡುವುದು? ಅಮ್ಮ ಅಕ್ಕಿ ಡಬ್ಬಿಯಲ್ಲಿ ಇಡು ಅನ್ನುತ್ತಾರೆ.

ಹಂಪನಕಟ್ಟೆ ರಿಪೇರಿ

ಅಕ್ಕಿ ಡಬ್ಬಿ ಬೇಡ. ಅಕ್ಕಿ ಅಷ್ಟು ತೇವ ಎಳೆಯುವುದಿಲ್ಲ, ಅದರ ಹೊಟ್ಟು, ಪುಡಿ ಪೋರ್ಟಿನೊಳಗೆ ಹೋಗಿ ಇನ್ನೊಂದು ಕೆಲಸ ಆಗುತ್ತದೆ. ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿ ತಗೊಳ್ಳಿ. ಒಳಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್ ಹಾಕಿ. ಕಿತ್ತಳೆ ಬಣ್ಣದ್ದು ಹಸಿರಾದರೆ ತೇವ ತುಂಬಿತು ಅಂತ ಅರ್ಥ. ಓವನ್ನಿನಲ್ಲಿ 120 ಡಿಗ್ರಿಯ ಹತ್ತಿರ ಒಂದೆರಡು ಗಂಟೆ ಇಟ್ಟರೆ ಮತ್ತೆ ಕಿತ್ತಳೆಯಾಗುತ್ತದೆ. ನೀಲಿಯದ್ದರಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳಿರುವ ಮನೆಗೆ ಅದು ಬೇಡ. ತುಂಬಾ ದಿನ ಬಳಸುವುದಿಲ್ಲ ಅಂದರೆ ಬ್ಯಾಟರಿಯನ್ನು ಅರ್ಧದಷ್ಟು ಚಾರ್ಜಿನಲ್ಲಿ ಬಿಡಿ. ಪೂರ್ತಿ ತುಂಬಿಸಿ ಇಟ್ಟರೆ ಬೇಗ ಹಾಳಾಗುತ್ತದೆ.

ಮಳೆಗಾಲ ಮುಗಿದು ಗಾಳಿ ಒಣಗಿದ ಮೇಲೆ ಬಿಚ್ಚಿ. ಮೊದಲು ಬ್ಯಾಟರಿ ಪ್ಲಗ್ ತೆಗೆಯಿರಿ. ಐಸೋಪ್ರೊಪೈಲ್ ಆಲ್ಕೋಹಾಲ್ 99 ಶೇಕಡಾದ್ದು, ಮೆತ್ತಗಿನ ಹಳೆ ಹಲ್ಲುಜ್ಜುವ ಬ್ರಶ್. ಪೋರ್ಟಿನ ಸುತ್ತ, ಬ್ಯಾಟರಿ ಕನೆಕ್ಟರಿನ ಸುತ್ತ ಮೆಲ್ಲ ಉಜ್ಜಿ, ಪೂರ್ತಿ ಆರಲು ಬಿಡಿ. ಬಟನ್ ರಬ್ಬರಿನ ಒಳಗಿನ ಕಪ್ಪು ಚುಕ್ಕೆಯನ್ನು ಮಾತ್ರ ಜೋರಾಗಿ ಉಜ್ಜಬೇಡಿ. ಅದು ಕಾರ್ಬನ್ ಪದರ, ಎದ್ದು ಹೋದರೆ ಬಟನ್ ಕೆಲಸ ಮಾಡುವುದಿಲ್ಲ. ಎಎ ಸೆಲ್ ಸೋರಿದ ಬಿಳಿ ಪುಡಿ ಇದ್ದರೆ ಅದು ಕ್ಷಾರ. ಮೊದಲು ಬಡ್ಸಿನಲ್ಲಿ ಸ್ವಲ್ಪ ವಿನೆಗರ್, ಆಮೇಲೆ ಆಲ್ಕೋಹಾಲ್.

ಸುರತ್ಕಲ್ ಅಕ್ಕ

ಸ್ವಂತ ಡಿವೈಸ್ ಜೋಡಿಸುವವರಿಗೆ ಒಂದು ಸೇರಿಸುತ್ತೇನೆ. ಎಲ್ಲರೂ ಬಳಸುವ ಟಿಪಿ4056 ಚಾರ್ಜಿಂಗ್ ಬೋರ್ಡ್ ಒಂದು ಆಂಪಿಯರ್‌ಗೆ ಹೊಂದಿಸಿಯೇ ಬರುತ್ತದೆ. 300 ಎಂಎಎಚ್‌ನ ಪುಟ್ಟ ಸೆಲ್ಲಿಗೆ ಅಷ್ಟು ಕರೆಂಟ್ ಕೊಟ್ಟರೆ ಬಿಸಿಯಾಗಿ ಉಬ್ಬುತ್ತದೆ. ಬೋರ್ಡಿನಲ್ಲಿರುವ 1.2 ಕಿಲೋ ಓಮ್ ರೆಸಿಸ್ಟರ್ ತೆಗೆದು 5 ಕಿಲೋ ಓಮ್ ಹಾಕಿ, ಕರೆಂಟ್ 250 ಮಿಲಿ ಆಂಪಿಯರ್‌ಗೆ ಇಳಿಯುತ್ತದೆ. ಬೋರ್ಡ್ ಪೂರ್ತಿ ಕೆಲಸ ಮಾಡುತ್ತದೆ ಅಂತ ಖಾತ್ರಿಯಾದ ಮೇಲೆ ತೇವ ತಡೆಯುವ ಅಕ್ರಿಲಿಕ್ ಕೋಟಿಂಗ್ ಹೊಡೆಯಿರಿ. ಕನೆಕ್ಟರು, ಬಟನ್ ಕಾಂಟ್ಯಾಕ್ಟುಗಳಿಗೆ ಮೊದಲೇ ಟೇಪ್ ಅಂಟಿಸಿ ಮುಚ್ಚಿಕೊಳ್ಳಿ.

ಕಾಪು ಕಡೆಯವ

ಹಂಪನಕಟ್ಟೆಯವರೇ, ಆ ಕೋಟಿಂಗ್ ಕೊಂಡು ತಂದ ಡಿವೈಸಿನ ಬೋರ್ಡಿಗೂ ಹೊಡೆಯಬಹುದಾ?

ಹಂಪನಕಟ್ಟೆ ರಿಪೇರಿ

ಬ್ಯಾಟರಿ ಕನೆಕ್ಟರಿನ ಬುಡ, ಚಾರ್ಜಿಂಗ್ ಚಿಪ್‌ನ ಸುತ್ತ, ಇಷ್ಟಕ್ಕೆ ಸಣ್ಣ ಬ್ರಶ್ಶಿನಲ್ಲಿ ಹಚ್ಚಿ, ಸಾಕು. ಸ್ಪ್ರೇ ಬೇಡ, ಸ್ಪೀಕರು, ಬಟನ್ನು, ಹಿಂಜಿನ ಕೇಬಲ್ಲಿಗೆ ಹೋಗುತ್ತದೆ. ಹಚ್ಚುವ ಮೊದಲು ಆಲ್ಕೋಹಾಲಿನಲ್ಲಿ ಒರೆಸಲೇಬೇಕು, ಇಲ್ಲದಿದ್ದರೆ ಉಪ್ಪು ಕೋಟಿಂಗಿನ ಅಡಿಯಲ್ಲೇ ಉಳಿದು ಅಲ್ಲೇ ಕೆಲಸ ಶುರು ಮಾಡುತ್ತದೆ. ವಾರಂಟಿ ಇದ್ದರೆ ಅದು ಮುಗಿಯುವ ತನಕ ಡಬ್ಬಿ ಮತ್ತು ಸಿಲಿಕಾ ಜೆಲ್ ಸಾಕು. ಪಿಎಸ್‌ಪಿಯ ಮಾಡೆಲ್ ನಂಬರ್ ಬ್ಯಾಟರಿ ಜಾಗದ ಒಳಗೆ ಬರೆದಿರುತ್ತದೆ. 1000 ಮಾಡೆಲ್‌ನ ಬ್ಯಾಟರಿ ದಪ್ಪ, 2000 ಮತ್ತು 3000ದ್ದು ತೆಳು, ಒಂದರ ಮುಚ್ಚಳ ಇನ್ನೊಂದಕ್ಕೆ ಕೂರುವುದಿಲ್ಲ. ನಂಬರ್ ಇಲ್ಲಿ ಹಾಕಿ, ಯಾವ ಬ್ಯಾಟರಿ ಹುಡುಕಬೇಕು ಅಂತ ಹೇಳುತ್ತೇನೆ.